ಹೊಸ ಕಂಪ್ಯೂಟರ್ ಮನೆಗೆ ಬಂದ ದಿನ: ಪ್ಲಗ್ ಪಾಯಿಂಟ್‌ನಿಂದ ಮೊದಲ ಬ್ಯಾಕಪ್‌ವರೆಗೆ

ಹೊಸ ಡೆಸ್ಕ್‌ಟಾಪ್ ಕಂಪ್ಯೂಟರಿನ ಕೇಬಲ್‌ಗಳನ್ನು ಸಿಕ್ಕಿಸಿ ಪರದೆ ಬೆಳಗಿಸಲು ಅರ್ಧ ಗಂಟೆ ಸಾಕು. ಅದನ್ನು ಮನೆಯವರು ನಂಬಿ ಬಳಸುವಂತೆ ಅಣಿ ಮಾಡಲು ಮಾತ್ರ ಒಂದು ಪೂರ್ತಿ ದಿನ ಬೇಕು. ಮುಂದೆ ವರ್ಷಗಟ್ಟಲೆ ಕಾಡುವ ಎಷ್ಟೋ ತೊಂದರೆಗಳು ಈ ಮೊದಲ ದಿನದ ಅವಸರದಲ್ಲೇ ಹುಟ್ಟುತ್ತವೆ. ಅರ್ಥ್ ಇಲ್ಲದ ಪ್ಲಗ್, ಅಂಗಡಿಯವರ ಇಮೇಲ್‌ನಲ್ಲಿ ತೆರೆದ ಖಾತೆ, ಎಲ್ಲೂ ಬರೆದಿಡದ ರಿಕವರಿ ಕೀ, ಎರಡನೆಯ ಪ್ರತಿಯೇ ಇಲ್ಲದ ಫೋಟೋಗಳು ಎಲ್ಲ ಇದರಲ್ಲೇ ಬರುತ್ತವೆ. ಆದ್ದರಿಂದ ರಜೆಯ ದಿನ ನೋಡಿ, ಬೆಳಿಗ್ಗೆಯೇ ಶುರು ಮಾಡಿ. ಇಲ್ಲಿ ಹೇಳಿರುವುದು ವಿಂಡೋಸ್ 11 ಇರುವ, ಕ್ಯಾಬಿನೆಟ್ ಬೇರೆ ಮಾನಿಟರ್ ಬೇರೆ ಇರುವ ಯಂತ್ರಕ್ಕೆ. ಲ್ಯಾಪ್‌ಟಾಪ್ ಕೊಂಡವರು ಕೇಬಲ್‌ನ ಭಾಗ ಬಿಟ್ಟು ಉಳಿದದ್ದನ್ನು ಹಾಗೆಯೇ ಪಾಲಿಸಬಹುದು.

ಮೊದಲು ಗೋಡೆ ನೋಡಿ

ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ ಎಂಬ ದೂರು ಬಹಳ ಸಾಮಾನ್ಯ. ಯಂತ್ರ ಕೆಟ್ಟಿದೆಯೆಂದು ಅಂಗಡಿಗೆ ಹೊತ್ತುಕೊಂಡು ಹೋದರೆ ಅಲ್ಲಿ ಏನೂ ಆಗುವುದಿಲ್ಲ, ಏಕೆಂದರೆ ತಪ್ಪು ಇರುವುದು ಮನೆಯ ವೈರಿಂಗ್‌ನಲ್ಲಿ. ಕಂಪ್ಯೂಟರಿನ ಪವರ್ ಸಪ್ಲೈ ಒಳಗೆ ವಿದ್ಯುತ್ತಿನ ಅಡಚಣೆ ಸೋಸಲು ಎರಡು ಚಿಕ್ಕ ಕೆಪಾಸಿಟರ್‌ಗಳಿರುತ್ತವೆ. ಒಂದು ಫೇಸ್‌ನಿಂದ, ಇನ್ನೊಂದು ನ್ಯೂಟ್ರಲ್‌ನಿಂದ ಹೊರಟು ಎರಡೂ ಕ್ಯಾಬಿನೆಟ್ಟಿನ ಲೋಹಕ್ಕೆ ಸೇರುತ್ತವೆ. ಅರ್ಥಿಂಗ್ ಸರಿಯಿದ್ದರೆ ಆ ಅಲ್ಪ ಸೋರಿಕೆ ನೆಲಕ್ಕೆ ಇಳಿದುಹೋಗುತ್ತದೆ. ಅರ್ಥ್ ಇಲ್ಲದಿದ್ದರೆ 230 ವೋಲ್ಟ್‌ನ ಅರ್ಧ, ಅಂದರೆ ಸುಮಾರು 115 ವೋಲ್ಟ್, ಕ್ಯಾಬಿನೆಟ್ ಮೇಲೆಯೇ ನಿಂತಿರುತ್ತದೆ. ಕರೆಂಟಿನ ಪ್ರಮಾಣ ತೀರಾ ಕಡಿಮೆಯಾದ್ದರಿಂದ ಜೋರಾಗಿ ಹೊಡೆಯುವುದಿಲ್ಲ. ಆದರೆ ಯಂತ್ರದೊಳಗೆ ನಿಜವಾದ ದೋಷ ಬಂದ ದಿನ ನಿಮ್ಮನ್ನು ಕಾಯುವುದು ಇದೇ ಅರ್ಥ್ ತಂತಿ.

ಎಲೆಕ್ಟ್ರಿಷಿಯನ್ನರನ್ನು ಕರೆಸಿ ಮಲ್ಟಿಮೀಟರ್‌ನಲ್ಲಿ ಮೂರು ಅಳತೆ ತೆಗೆಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230 ವೋಲ್ಟ್ ಬರಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ 5 ವೋಲ್ಟ್‌ಗಿಂತ ಕಡಿಮೆ ಇರಬೇಕು. ಮೂರನೆಯದು 20, 30 ಎಂದು ತೋರಿಸಿದರೆ ಅರ್ಥ್ ದುರ್ಬಲವಾಗಿದೆ, ಇಲ್ಲವೇ ನ್ಯೂಟ್ರಲ್ ಸಡಿಲವಾಗಿದೆ. ಹಳೆಯ ಮನೆಗಳಲ್ಲಿ ಉಪ್ಪು, ಇದ್ದಿಲು ತುಂಬಿದ ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿಹೋಗಿರುತ್ತದೆ. ಒಣ ಮಣ್ಣು ಕರೆಂಟನ್ನು ಸರಿಯಾಗಿ ಒಯ್ಯುವುದಿಲ್ಲ. ಗುಂಡಿಗೆ ಒಂದೆರಡು ಕೊಡ ನೀರು ಸುರಿದು ಮತ್ತೆ ಅಳೆಸಿ, ಅಂಕಿ ಇಳಿದರೆ ಕಾರಣ ಗೊತ್ತಾಯಿತು. ಮೂರು ಪಿನ್ನಿನ ಪ್ಲಗ್‌ನ ದಪ್ಪ ಪಿನ್ನು ಕಿತ್ತು ಎರಡು ಪಿನ್ನಿನ ಸಾಕೆಟ್‌ಗೆ ತುರುಕುವ ಕೆಲಸವನ್ನು ಮಾತ್ರ ಯಾರು ಹೇಳಿದರೂ ಮಾಡಬೇಡಿ.

ಕರೆಂಟ್ ಹೋದಾಗ ಬ್ಯಾಟರಿಯಿಂದ ತುಸು ಹೊತ್ತು ನಡೆಸುವ ಯುಪಿಎಸ್ ಬೇಕೇ ಎಂದರೆ, ಕರೆಂಟ್ ಹೋಗಿ ಬರುವ ಊರಿನಲ್ಲಿ ಬೇಕು. 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ತನಕ ಹೊರುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆಯ ಕಂಪ್ಯೂಟರ್ ಮತ್ತು ಮಾನಿಟರ್‌ಗೆ ಇದು ಧಾರಾಳ. ಕೆಲಸ ಉಳಿಸಿ ಯಂತ್ರ ಮುಚ್ಚಲು ಹತ್ತು ನಿಮಿಷವಾದರೂ ಸಿಗುತ್ತದೆ. ಗೇಮಿಂಗ್ ಕಾರ್ಡ್ ಇದ್ದರೆ 1000 ವಿಎ ಅಥವಾ ಮೇಲಿನದು ಕೊಳ್ಳಿ. ಎಷ್ಟೋ ಯುಪಿಎಸ್‌ಗಳಲ್ಲಿ ಸಾಗಣೆಯ ಸುರಕ್ಷತೆಗಾಗಿ ಬ್ಯಾಟರಿಯ ಒಂದು ತಂತಿ ಬಿಚ್ಚಿಟ್ಟಿರುತ್ತಾರೆ. ಜೊತೆಗೆ ಬಂದ ಹಾಳೆ ಓದಿ ಅದನ್ನು ಸೇರಿಸಿ, ಮೊದಲ ಸಲ ಹಾಳೆಯಲ್ಲಿ ಹೇಳಿದಷ್ಟು ಗಂಟೆ, ಸಾಮಾನ್ಯವಾಗಿ ಒಂದು ರಾತ್ರಿ, ಚಾರ್ಜ್ ಮಾಡಿ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಾಕಬೇಡಿ. ಅದರ ಹೀಟರ್ ಒಮ್ಮೆಗೇ ಎಳೆಯುವ ಕರೆಂಟಿಗೆ ಚಿಕ್ಕ ಯುಪಿಎಸ್ ಕುಸಿದು ಕಂಪ್ಯೂಟರನ್ನೂ ಆರಿಸುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂಭಾಗದಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದೆಯೇ ನೋಡಿ. ಮಾಮೂಲಿ ಮೋಡ್‌ನಲ್ಲಿ ಕರೆಂಟ್ ಬದಲಾಗುವ ಹೊತ್ತು ತುಸು ಹೆಚ್ಚು, ಅಷ್ಟರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿಬಿಡುತ್ತದೆ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು. ಗುಡುಗು ಕೇಳಿಸಿದಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಜೊತೆಗೆ ರೌಟರ್‌ನಿಂದ ಕಂಪ್ಯೂಟರಿಗೆ ಬರುವ ಲ್ಯಾನ್ ಕೇಬಲ್ಲನ್ನೂ ತೆಗೆಯಿರಿ. ಫೈಬರ್ ಎಳೆ ಗಾಜಿನದು, ಸಿಡಿಲಿನ ಹೊಡೆತವನ್ನು ಒಳಗೆ ತರುವುದಿಲ್ಲ. ಆದರೆ ರೌಟರ್‌ನ ಅಡಾಪ್ಟರ್ ಗೋಡೆಯ ಸಾಕೆಟ್‌ನಲ್ಲಿರುತ್ತದೆ, ಅಲ್ಲಿಂದ ತಾಮ್ರದ ಲ್ಯಾನ್ ಕೇಬಲ್ ಹಿಡಿದು ಹೊಡೆತ ಮದರ್‌ಬೋರ್ಡ್‌ಗೆ ಬರುತ್ತದೆ. ಪ್ಲಗ್ ಕಿತ್ತಿಟ್ಟಿದ್ದರೂ ಬೋರ್ಡ್ ಸುಟ್ಟುಹೋಗುವುದು ಈ ದಾರಿಯಿಂದ.

ಡಬ್ಬ ಬಿಚ್ಚುವುದು, ಜಾಗ ಹುಡುಕುವುದು

ಡಬ್ಬ ಬಿಚ್ಚುವಾಗ ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ. ಮಾನಿಟರ್ ಒಡೆದು ಬಂದಿದ್ದರೆ ಅದೊಂದೇ ಸಾಕ್ಷಿ. ಬಿಲ್ಲು, ಕ್ಯಾಬಿನೆಟ್ ಮತ್ತು ಮಾನಿಟರಿನ ಸೀರಿಯಲ್ ನಂಬರು ಇವುಗಳ ಫೋಟೋ ತೆಗೆದು ನಿಮ್ಮ ಇಮೇಲ್‌ಗೇ ಕಳಿಸಿಕೊಳ್ಳಿ, ಥರ್ಮಲ್ ಕಾಗದದ ಬಿಲ್ಲಿನ ಅಕ್ಷರ ಒಂದೆರಡು ವರ್ಷದಲ್ಲಿ ಮಾಸಿಹೋಗುತ್ತದೆ. ಡಬ್ಬ ಮತ್ತು ಥರ್ಮೋಕೋಲನ್ನು ಒಂದು ತಿಂಗಳಾದರೂ ಅಟ್ಟದ ಮೇಲಿಡಿ.

ಕ್ಯಾಬಿನೆಟ್ಟಿನ ಹಿಂದೆ ನಾಲ್ಕಾರು ಇಂಚು ಜಾಗ ಬೇಕು, ಬಿಸಿಗಾಳಿ ಹೊರಹೋಗುವುದು ಅಲ್ಲಿಂದಲೇ. ನೆಲದ ಮೇಲೆ ಇಟ್ಟರೆ ಧೂಳು, ನೆಲ ಒರೆಸುವ ನೀರು, ಇರುವೆ ಮೂರೂ ಒಳಹೋಗುತ್ತವೆ. ಚಿಕ್ಕ ಮಣೆಯ ಮೇಲಾದರೂ ಇಡಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕಂಪ್ಯೂಟರ್ ಮೇಜನ್ನು ಬಾಗಿಲು ಮುಚ್ಚುವ ಕಪಾಟಿನೊಳಗೆ ಮಾಡಿಸುವುದು ಯಂತ್ರವನ್ನು ಬೇಯಿಸಿದಂತೆಯೇ ಸರಿ.

ಕೇಬಲ್‌ಗಳು, ಮತ್ತು ಪರದೆ ಬೆಳಗದಿದ್ದಾಗ

ಮೊದಲು ಎಲ್ಲ ಕೇಬಲ್ ಸಿಕ್ಕಿಸಿ, ಕೊನೆಗೆ ಕರೆಂಟ್ ಕೊಡಿ. ಕೀಬೋರ್ಡ್, ಮೌಸ್ ಯಾವ ಯುಎಸ್‌ಬಿ ಪೋರ್ಟ್‌ಗೆ ಹಾಕಿದರೂ ನಡೆಯುತ್ತವೆ. ವೈರ್‌ಲೆಸ್ ಆಗಿದ್ದರೆ ಅದರ ಚಿಕ್ಕ ರಿಸೀವರನ್ನು ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್ ಬಿಟ್ಟು ಕಪ್ಪು ಬಣ್ಣದ್ದಕ್ಕೆ, ಅದೂ ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ಹಾಕಿ. ಯುಎಸ್‌ಬಿ 3 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತ ರೇಡಿಯೊ ಗದ್ದಲ ಹೊಮ್ಮಿಸುತ್ತದೆ. ವೈರ್‌ಲೆಸ್ ಮೌಸ್ ಮಾತಾಡುವುದೂ ಅದೇ ತರಂಗದಲ್ಲಿ. ಪಕ್ಕದಲ್ಲಿ ಹಾರ್ಡ್ ಡಿಸ್ಕ್ ಹಾಕಿದ ಕೂಡಲೇ ಮೌಸ್ ತಡವರಿಸಲು ಇದೇ ಕಾರಣ.

ಮಾನಿಟರಿನ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಕೇಬಲ್ ಎಲ್ಲಿಗೆ ಹಾಕಬೇಕು ಎಂಬಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಕ್ಯಾಬಿನೆಟ್ಟಿನ ಹಿಂಭಾಗದಲ್ಲಿ ಯುಎಸ್‌ಬಿ ಪೋರ್ಟ್‌ಗಳ ಪಕ್ಕ ಒಂದು ಎಚ್‌ಡಿಎಂಐ ಇರುತ್ತದೆ, ಅದು ಮದರ್‌ಬೋರ್ಡ್‌ನದು. ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರೆ ಅದಕ್ಕಿಂತ ಕೆಳಗೆ, ಅಡ್ಡಡ್ಡವಾಗಿ ಮೂರು ನಾಲ್ಕು ಪೋರ್ಟ್‌ಗಳ ಇನ್ನೊಂದು ಸಾಲು ಕಾಣುತ್ತದೆ. ಕಾರ್ಡ್ ಇದ್ದವರು ಹಾಕಬೇಕಾದದ್ದು ಆ ಕೆಳಗಿನ ಸಾಲಿಗೆ. ಮೇಲಿನದಕ್ಕೆ ಹಾಕಿದರೆ ಒಂದೋ ಪರದೆಯೇ ಬರುವುದಿಲ್ಲ, ಇಲ್ಲವೇ ದುಡ್ಡು ಕೊಟ್ಟು ತಂದ ಕಾರ್ಡ್ ಸುಮ್ಮನೆ ಕೂತಿರುತ್ತದೆ. ಹೆಸರಿನ ಕೊನೆಗೆ ಎಫ್ ಅಕ್ಷರ ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಒಳಗೆ ಗ್ರಾಫಿಕ್ಸ್ ಇರುವುದೇ ಇಲ್ಲವಾದ್ದರಿಂದ ಮೇಲಿನ ಪೋರ್ಟ್ ಯಾವತ್ತೂ ಕೆಲಸ ಮಾಡುವುದಿಲ್ಲ.

ಈಗ ಪವರ್ ಬಟನ್ ಒತ್ತಿ. ಏನೂ ಆಗದಿದ್ದರೆ ಗಾಬರಿ ಬೇಡ, ಈ ಕ್ರಮದಲ್ಲಿ ನೋಡುತ್ತ ಹೋಗಿ.

1. ಕ್ಯಾಬಿನೆಟ್ ಹಿಂದೆ, ಪವರ್ ಕೇಬಲ್ ಸಿಕ್ಕಿಸುವಲ್ಲಿ ಪುಟ್ಟ ಸ್ವಿಚ್ ಇರುತ್ತದೆ. ಸೊನ್ನೆಯ ಕಡೆ ಒತ್ತಿದ್ದರೆ ಆಫ್, ಗೆರೆಯ ಕಡೆ ಒತ್ತಿದರೆ ಆನ್.
2. ಫ್ಯಾನ್ ತಿರುಗುತ್ತಿದೆ, ಮಾನಿಟರ್ ನೋ ಸಿಗ್ನಲ್ ಎನ್ನುತ್ತಿದೆ ಎಂದಾದರೆ ಕೇಬಲ್ ಯಾವ ಪೋರ್ಟ್‌ನಲ್ಲಿದೆ ಎಂದು ಮತ್ತೆ ನೋಡಿ. ಮಾನಿಟರಿನ ಬಟನ್‌ನಿಂದ ಇನ್‌ಪುಟ್ ಆಯ್ಕೆಯನ್ನೂ ಎಚ್‌ಡಿಎಂಐ ಅಥವಾ ಡಿಪಿಗೆ ಹೊಂದಿಸಿ.
3. ಡಿಡಿಆರ್5 ಬಗೆಯ ಮೆಮೊರಿ, ಅಂದರೆ ರ‍್ಯಾಮ್ ಇರುವ ಹೊಸ ಯಂತ್ರ ಮೊದಲ ಸಲ ಹೊತ್ತುವಾಗ ರ‍್ಯಾಮನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತದೆ. ಆಗ ಕೆಲವು ನಿಮಿಷ ಪರದೆ ಪೂರ್ತಿ ಕಪ್ಪಾಗಿಯೇ ಇರಬಹುದು. ಹದಿನೈದು ನಿಮಿಷ ಕಾಯಿರಿ, ನಡುವೆ ಆರಿಸಿದರೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.
4. ಆಗಲೂ ಬರದಿದ್ದರೆ, ಬಸ್ಸಿನಲ್ಲೋ ಬೈಕಿನಲ್ಲೋ ಬರುವಾಗ ರ‍್ಯಾಮ್ ಸಡಿಲವಾಗಿರಬಹುದು.

ಕೊನೆಯದನ್ನು ಸರಿಪಡಿಸುವುದು ಸುಲಭ. ಕ್ಯಾಬಿನೆಟ್ಟಿಗೆ ವಾರಂಟಿ ಸೀಲ್ ಅಂಟಿಸಿದ್ದರೆ ಮೊದಲು ಅಂಗಡಿಯವರಿಗೆ ಫೋನ್ ಮಾಡಿ ಒಪ್ಪಿಗೆ ಪಡೆಯಿರಿ. ಪ್ಲಗ್ ತೆಗೆದು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಇಳಿಸಿ. ಪಕ್ಕದ ಫಲಕ ತೆಗೆಯಿರಿ, ಅದು ಗಾಜಿನದಾದರೆ ಕಾಲೊರೆಸುವ ಬಟ್ಟೆಯ ಮೇಲೆ ಮಲಗಿಸಿ. ಟೈಲ್ಸ್ ನೆಲಕ್ಕೆ ಅದರ ಮೂಲೆ ತಗುಲಿದರೆ ಇಡೀ ಗಾಜು ಪುಡಿಯಾಗುತ್ತದೆ. ಕ್ಯಾಬಿನೆಟ್ಟಿನ ಬಣ್ಣ ಹಚ್ಚದ ಲೋಹ ಮುಟ್ಟಿ, ಮೈಯಲ್ಲಿನ ಸ್ಥಾಯೀ ವಿದ್ಯುತ್ತು ಇಳಿಯಲಿ. ರ‍್ಯಾಮ್ ಪಟ್ಟಿಯ ತುದಿಯ ಕೊಂಡಿ ತೆರೆದು, ಪಟ್ಟಿಯನ್ನು ನೇರವಾಗಿ ಮೇಲಕ್ಕೆತ್ತಿ, ಅಂಚಿನಲ್ಲಿರುವ ಕಚ್ಚು ಸಾಕೆಟ್ಟಿನ ಕಚ್ಚಿಗೆ ಕೂರುವಂತೆ ನೋಡಿ ಎರಡೂ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ. ಟಕ್ ಎಂದು ಸದ್ದಾಗಬೇಕು. ಒತ್ತಿದ್ದು ಸಾಕಾಯಿತು ಎಂದು ನಿಮಗೆ ಅನ್ನಿಸಿದ ಮೇಲೂ ಸ್ವಲ್ಪ ಬಲ ಬೇಕಾಗುತ್ತದೆ.

ವಿಂಡೋಸ್ ಮೊದಲ ಸಲ ತೆರೆದಾಗ

ಸಾಧ್ಯವಾದರೆ ಈ ಭಾಗವನ್ನು ಅಂಗಡಿಯವರಿಗೆ ಬಿಡಬೇಡಿ, ಮನೆಯಲ್ಲೇ ನೀವೇ ಮಾಡಿ. ದೇಶ ಇಂಡಿಯಾ, ಕೀಬೋರ್ಡ್ ಇಂಗ್ಲಿಷ್ ಇಂಡಿಯಾ ಎಂದು ಆರಿಸಿ. ಬಲಗಡೆಯ ಆಲ್ಟ್ ಮತ್ತು 4 ಒತ್ತಿದರೆ ರೂಪಾಯಿ ಚಿಹ್ನೆ ಬರುವುದು ಈ ಕೀಬೋರ್ಡ್‌ನಲ್ಲಿ. ಮುಂದೆ ಇಂಟರ್ನೆಟ್ ಕೇಳುತ್ತದೆ. ಎಷ್ಟೋ ಡೆಸ್ಕ್‌ಟಾಪ್‌ಗಳಲ್ಲಿ ವೈ-ಫೈ ಇರುವುದೇ ಇಲ್ಲ, ಇದ್ದರೂ ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಇನ್ನೂ ಸೇರಿರುವುದಿಲ್ಲ, ಪರದೆಯಲ್ಲಿ ಒಂದು ನೆಟ್‌ವರ್ಕೂ ಕಾಣುವುದಿಲ್ಲ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಯಾವ ಡ್ರೈವರೂ ಬೇಡದೆ ಇಂಟರ್ನೆಟ್ ಬಂದುಬಿಡುತ್ತದೆ. ಕೇಬಲ್ ಚಾರ್ಜ್ ಮಾತ್ರ ಮಾಡುವಂಥದ್ದಾಗಿರಬಾರದು, ಅಷ್ಟೆ.

ವಿಂಡೋಸ್ 11 ಹೋಮ್ ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಮನೆಯ ಹಿರಿಯರೊಬ್ಬರ ಇಮೇಲ್, ಅವರದೇ ಮೊಬೈಲ್ ನಂಬರು ಕೊಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದೀಚೆಗೆ, ಹೊಸದಾಗಿ ಸಿದ್ಧಪಡಿಸಿದ ಯಂತ್ರಕ್ಕೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ, ಯಂತ್ರ ಅದಕ್ಕೆ ತಕ್ಕದ್ದಾಗಿದ್ದರೆ, ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದೆ ಯಾರೂ ಓದಲಾಗದಂತೆ ಬೀಗ ಹಾಕಿಕೊಳ್ಳುತ್ತದೆ. ಅದರ ಬೀಗದ ಕೈ 48 ಅಂಕಿಗಳ ಒಂದು ರಿಕವರಿ ಕೀ. ಆ ಕೀ ಹೋಗಿ ಕೂರುವುದು ಮೊದಲು ಲಾಗಿನ್ ಆದವರ ಖಾತೆಯಲ್ಲಿ. ಯಂತ್ರವನ್ನು ಎಬ್ಬಿಸುವ ಮದರ್‌ಬೋರ್ಡ್‌ನ ತಂತ್ರಾಂಶವಾದ ಬಯೋಸ್ ಅಪ್‌ಡೇಟ್ ಆದಾಗ, ಮದರ್‌ಬೋರ್ಡ್ ಬದಲಿಸಿದಾಗ ನೀಲಿ ಪರದೆ ಬಂದು ಈ 48 ಅಂಕಿ ಕೇಳುತ್ತದೆ. ಅಂಗಡಿಯ ಹುಡುಗ ತನ್ನ ಇಮೇಲ್ ಹಾಕಿ ಸೆಟಪ್ ಮಾಡಿಕೊಟ್ಟಿದ್ದರೆ ಕೀ ಅವನ ಖಾತೆಯಲ್ಲಿರುತ್ತದೆ. ಅವನು ಕೆಲಸ ಬಿಟ್ಟು ಹೋಗಿದ್ದರೆ ಮಗುವಿನ ನಾಮಕರಣದ ಫೋಟೋಗಳನ್ನು ಆ ಡಿಸ್ಕಿನಿಂದ ಯಾರೂ ಹೊರತೆಗೆಯಲಾರರು, ಮೈಕ್ರೋಸಾಫ್ಟ್ ಕಂಪನಿಯೂ ತೆಗೆಯಲಾರದು. ಆದ್ದರಿಂದ ಅದೇ ದಿನ ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಪುಟಕ್ಕೆ ಬ್ರೌಸರ್‌ನಲ್ಲಿ ಹೋಗಿ, ಡಿವೈಸಸ್ ಭಾಗದಲ್ಲಿ ಬಿಟ್‌ಲಾಕರ್ ಕೀ (ಆ 48 ಅಂಕಿಯ ಕೀಗೆ ಅಲ್ಲಿರುವ ಹೆಸರು) ತೆರೆದು, ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಜೊತೆ ಇಡಿ. ಒಬ್ಬರು ಓದಿ ಇನ್ನೊಬ್ಬರು ಬರೆದರೆ ಅಂಕಿ ತಪ್ಪುವುದಿಲ್ಲ.

ಉಳಿದ ಪರದೆಗಳು ಬೇಗ ಮುಗಿಯುತ್ತವೆ. ಜಾಹೀರಾತು, ಲೊಕೇಷನ್ ಕೇಳುವ ಗುಂಡಿಗಳನ್ನು ಆಫ್ ಮಾಡಿ, ಉಚಿತ ಟ್ರಯಲ್‌ಗಳನ್ನು ನಿರಾಕರಿಸಿ. ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್ ತಾನಾಗಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಅದರಲ್ಲಿ ಉಚಿತವಾಗಿ ಸಿಗುವುದು 5 ಜಿಬಿ ಮಾತ್ರ, ಫೋನಿನ ಫೋಟೋ ಹಾಕಿದ ವಾರದೊಳಗೆ ತುಂಬಿ ದಿನಾ ಎಚ್ಚರಿಕೆ ಬರತೊಡಗುತ್ತದೆ. ದುಡ್ಡು ಕೊಟ್ಟು ಜಾಗ ಕೊಳ್ಳುವ ಯೋಚನೆ ಇಲ್ಲದಿದ್ದರೆ ಒನ್‌ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ಆ ಮೂರು ಫೋಲ್ಡರ್‌ಗಳ ಬ್ಯಾಕಪ್ಪನ್ನು ಫೋಟೋ ಸೇರಿಸುವ ಮೊದಲೇ ನಿಲ್ಲಿಸಿ.

ಬಳಿಕ ವಿಂಡೋಸ್ ಅಪ್‌ಡೇಟ್ ತೆರೆದು, ಇನ್ನೇನೂ ಉಳಿದಿಲ್ಲ ಎನ್ನುವವರೆಗೆ ಅಪ್‌ಡೇಟ್, ರೀಸ್ಟಾರ್ಟ್ ಮಾಡುತ್ತ ಹೋಗಿ. ಹಲವು ಜಿಬಿ ಇಳಿಯುವುದರಿಂದ ಮೊಬೈಲ್ ಡೇಟಾ ಬೇಡ, ಮನೆಯ ಬ್ರಾಡ್‌ಬ್ಯಾಂಡ್ ಬಳಸಿ. ವಿಂಡೋಸ್ 10 ಹಾಕಿ ಕೊಡುತ್ತೇವೆ, ಅದೇ ಹಗುರ ಎನ್ನುವವರ ಮಾತು ಕೇಳಬೇಡಿ. ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಅಂಗಡಿ ಮಾತು ಉಳಿಸಿಕೊಂಡಿದೆಯೇ?

ಬದಲಿ ಕೊಡುವ ಅವಧಿ ಮುಗಿಯುವ ಮೊದಲು ಇದನ್ನು ನೋಡಿ ಮುಗಿಸಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಭಾಗದಲ್ಲಿ ಪ್ರೊಸೆಸರಿನ ಹೆಸರು, ರ‍್ಯಾಮ್ ಎಷ್ಟು, ಅದರ ವೇಗ, ಡಿಸ್ಕ್ ಎಸ್‌ಎಸ್‌ಡಿಯೇ ಎಂಬುದೆಲ್ಲ ಇರುತ್ತದೆ. ಬಿಲ್ಲಿನ ಜೊತೆ ಹೋಲಿಸಿ. 512 ಜಿಬಿ ಡಿಸ್ಕ್ 476 ಎಂದು, 1 ಟಿಬಿ ಡಿಸ್ಕ್ 931 ಎಂದು ತೋರಿಸಿದರೆ ಮೋಸವಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. 144 ಹರ್ಟ್ಸ್ ಮಾನಿಟರ್ 60ರಲ್ಲೇ ಓಡುತ್ತಿರಬಹುದು. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ ನೀವೇ ಬದಲಿಸಬೇಕು.

ಅಸೆಂಬಲ್ ಮಾಡಿಸಿದ ಯಂತ್ರವಾದರೆ ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಷನ್ ತೆರೆಯಿರಿ. ಡಿಜಿಟಲ್ ಲೈಸೆನ್ಸ್‌ನಿಂದ ಆಕ್ಟಿವೇಟ್ ಆಗಿದೆ ಎಂದಿದ್ದರೆ ಸಾಮಾನ್ಯವಾಗಿ ಸರಿ. ನಿಮ್ಮ ಆರ್ಗನೈಸೇಷನ್‌ನ ಆಕ್ಟಿವೇಷನ್ ಸರ್ವಿಸ್ ಮೂಲಕ ಎಂದು ಬರೆದಿದ್ದರೆ ಯೋಚಿಸಿ, ಮನೆಯ ಕಂಪ್ಯೂಟರಿಗೆ ಯಾವ ಸಂಸ್ಥೆ? ಅದು ಕಳ್ಳ ಆಕ್ಟಿವೇಟರ್ ಹಾಕಿದ ಗುರುತು. ಇಂಥ ಆಕ್ಟಿವೇಟರ್‌ಗಳನ್ನು ಓಡಿಸಲು ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಆದ ಡಿಫೆಂಡರನ್ನು ಆಫ್ ಮಾಡಬೇಕಾಗುತ್ತದೆ, ಇಲ್ಲವೇ ಕೆಲವು ಫೋಲ್ಡರ್‌ಗಳನ್ನು ಅದರ ಕಣ್ಣಿನಿಂದ ಮರೆಮಾಡಬೇಕಾಗುತ್ತದೆ. ವಿಂಡೋಸ್ ಸೆಕ್ಯುರಿಟಿಯ ಎಕ್ಸ್‌ಕ್ಲೂಷನ್ಸ್ ಪಟ್ಟಿ ನೋಡಿ. ಹೊಸ ಯಂತ್ರದಲ್ಲಿ ಅದು ಖಾಲಿ ಇರಬೇಕು. ಬ್ಯಾಂಕ್ ವ್ಯವಹಾರ ಮಾಡುವ ಯಂತ್ರವನ್ನು ಹೀಗೆ ಬಾಗಿಲು ತೆರೆದಿಟ್ಟು ಓಡಿಸುವುದಕ್ಕಿಂತ ಲೈಸೆನ್ಸ್ ಕೊಳ್ಳುವುದು, ಅಥವಾ ಉಚಿತವಾದ ಲಿನಕ್ಸ್ ಹಾಕುವುದು ಎಷ್ಟೋ ಮೇಲು. ಮನೆಯ ಪತ್ರ, ಲೆಕ್ಕಪತ್ರಕ್ಕೆ ಲಿಬ್ರೆಆಫೀಸ್ ಉಚಿತ, ಸಾಕಾಗುತ್ತದೆ. ಡಿಫೆಂಡರ್ ಇರುವಾಗ ಬೇರೆ ಆಂಟಿವೈರಸ್ ಬೇಕಿಲ್ಲ, ಜೊತೆಗೆ ಬಂದ ಟ್ರಯಲ್ ಆಂಟಿವೈರಸ್ಸನ್ನು ಅನ್‌ಇನ್‌ಸ್ಟಾಲ್ ಮಾಡಿ.

ಕನ್ನಡ ಬರಬೇಕು

ಕನ್ನಡ ಓದಲು ಏನೂ ಹಾಕಬೇಕಾಗಿಲ್ಲ, ನಿರ್ಮಲಾ ಯುಐ ಎಂಬ ಫಾಂಟ್ ವಿಂಡೋಸ್ ಜೊತೆಗೇ ಬರುತ್ತದೆ. ಬರೆಯಲು ಸೆಟ್ಟಿಂಗ್ಸ್‌ನಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್ ತೆರೆದು ಕನ್ನಡ ಸೇರಿಸಿ. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿದರೆ ಇಂಗ್ಲಿಷ್, ಕನ್ನಡ ಅದಲುಬದಲಾಗುತ್ತವೆ. ತಾನಾಗಿ ಬರುವುದು ಇನ್‌ಸ್ಕ್ರಿಪ್ಟ್ ವಿನ್ಯಾಸ. ಅದರಲ್ಲಿ 'ಕನ್ನಡ' ಎಂದು ಬರೆಯಲು ಕೆ, ವಿ, ಡಿ, ವಿ, ಆಮೇಲೆ ಪಿ ಪಕ್ಕದ ಚೌಕ ಆವರಣದ ಕೀ. ಡಿ ಕೀಯಲ್ಲಿರುವುದು ಅರ್ಧಾಕ್ಷರದ ಕೊಂಡಿ. ನುಡಿ ತಂತ್ರಾಂಶದಲ್ಲಿ ಟೈಪಿಂಗ್ ಕಲಿತವರ ಬೆರಳು ಇದಕ್ಕೆ ಒಗ್ಗುವುದಿಲ್ಲ. ಅಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯು. ಅಂಥವರು ನುಡಿಯನ್ನೇ ಹಾಕಿಕೊಳ್ಳಿ, ಆದರೆ ಎಲ್ಲ ಯಂತ್ರಗಳೂ ಓದಬಲ್ಲ ಯೂನಿಕೋಡ್ ಆಯ್ಕೆಯಲ್ಲೇ ಬರೆಯಿರಿ. ಹಳೆಯ ಆಸ್ಕಿ ಫಾಂಟ್‌ನಲ್ಲಿ ಬರೆದ ಪತ್ರ ಆ ಫಾಂಟ್ ಇಲ್ಲದವರ ಪರದೆಯಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ, ಫೋನಿನಲ್ಲಂತೂ ಓದಲೇ ಆಗುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕನ್ನಡ ಪಡೆಯುವ ಅಭ್ಯಾಸದವರಿಗೆ ಕೀಬೋರ್ಡ್ ಪಟ್ಟಿಯಲ್ಲೇ ಕನ್ನಡ ಫೊನೆಟಿಕ್ ಇದೆ.

ಮಕ್ಕಳಿಗೆ ಬೇರೆ ಖಾತೆ, ಫೋಟೋಗಳಿಗೆ ಬೇರೆ ಡಿಸ್ಕ್

ದಿನನಿತ್ಯ ಬಳಸುವವರಿಗೆ, ಮುಖ್ಯವಾಗಿ ಮಕ್ಕಳಿಗೆ, ಅಕೌಂಟ್ಸ್ ಭಾಗದಲ್ಲಿ ಸ್ಟ್ಯಾಂಡರ್ಡ್ ದರ್ಜೆಯ ಖಾತೆ ಮಾಡಿಕೊಡಿ. ಉಚಿತ ಆಟ ಎಂದು ಇಳಿಸಿಕೊಂಡ ಹೆಚ್ಚಿನ ಫೈಲುಗಳು ಅಡ್ಮಿನ್ ಪಾಸ್‌ವರ್ಡ್ ಕೇಳಿ ಅಲ್ಲೇ ನಿಲ್ಲುತ್ತವೆ. ಪರದೆಯ ತುಂಬ ಕೆಂಪು ಎಚ್ಚರಿಕೆ ಬಂದು ಈ ನಂಬರಿಗೆ ಫೋನ್ ಮಾಡಿ ಎಂದರೆ ಮಾಡಬಾರದು, ಬ್ರೌಸರ್ ಮುಚ್ಚಬೇಕು ಎಂದು ಮನೆಯ ಎಲ್ಲರಿಗೂ ಇಂದೇ ಹೇಳಿ. ದುಡ್ಡು ಹೋಗಿಯೇಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಬ್ಯಾಕಪ್‌ಗೆ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಾಕು. ಕಂಟ್ರೋಲ್ ಪ್ಯಾನೆಲ್‌ನಲ್ಲಿರುವ ಫೈಲ್ ಹಿಸ್ಟರಿ ಆನ್ ಮಾಡಿ ಆ ಡಿಸ್ಕ್ ಆರಿಸಿ. ಪ್ರತಿ ಭಾನುವಾರ ಜೋಡಿಸಿ, ನಕಲು ಮುಗಿದ ಮೇಲೆ ಕಿತ್ತು ಬೀರುವಿನಲ್ಲಿಡಿ. ಸದಾ ಸಿಕ್ಕಿಸಿಟ್ಟ ಡಿಸ್ಕಿಗೆ ಸಿಡಿಲೂ ತಗಲುತ್ತದೆ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ಸೂ ತಗಲುತ್ತದೆ. ಮೊದಲ ಬ್ಯಾಕಪ್ ಮುಗಿದ ಕೂಡಲೇ ರಿಸ್ಟೋರ್ ಪರದೆ ತೆರೆದು ಒಂದು ಫೋಟೋವನ್ನು ಬೇರೆ ಫೋಲ್ಡರ್‌ಗೆ ವಾಪಸ್ ತಂದು, ತೆರೆದು ನೋಡಿ. ಫೋಟೋ ಕಂಡರೆ ಡಿಸ್ಕ್ ಮೇಲೆ ಇವತ್ತಿನ ತಾರೀಕು ಬರೆದ ಚೀಟಿ ಅಂಟಿಸಿ ಒಳಗಿಡಿ.